ಕಣ್ಣು ಮುಚ್ಚಿ ಎತ್ತಿದ ಕೈಗಳು

ಲಾಂಡ್ರಿ ಅಕ್ಕ ಅಂಗಡಿಯ ಬಾಗಿಲು ಎತ್ತುವ ಮೊದಲೇ ಹೊರಗೆ ಗಿರಾಕಿಗಳು ಸಾಲುಗಟ್ಟಿದ್ದರು. ವ್ಯಾಪಾರ ಕುದುರಿತೆಂದು ಹಿಗ್ಗುವ ಹಾಗಿರಲಿಲ್ಲ. ಎಲ್ಲರೂ ಕೊಟ್ಟ ಬಟ್ಟೆ ವಾಪಸು ಕೇಳಲು ಬಂದವರು.

"ಇಸ್ತ್ರಿ ಆಗಿಲ್ದಿದ್ರೂ ಪರವಾಗಿಲ್ಲ, ಹಾಗೇ ಕೊಟ್ಬಿಡಿ" ಎಂದಳು ಮುಂದೆ ನಿಂತಿದ್ದ ನರ್ಸು. ಅವಳ ಯೂನಿಫಾರ್ಮು ಇನ್ನೂ ನೀರಿನಲ್ಲಿ ನೆನೆಯುತ್ತಿತ್ತು.

"ಒದ್ದೆ ಬಟ್ಟೆ ಹಾಕ್ಕೊಂಡು ಡ್ಯೂಟಿಗೆ ಹೋಗ್ತೀಯಾ?"

"ಅಲ್ಲಕ್ಕಾ, ಶನಿವಾರ ಅವ್ರು ಬಂದು ಮೆಷಿನ್ ಎತ್ಕೊಂಡು ಹೋದ್ರೆ, ಜೊತೆಗೆ ನಮ್ ಬಟ್ಟೆನೂ ಹೋದ್ರೆ?"

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹಿಂಡದ ಯೂನಿಫಾರ್ಮನ್ನು ಹಾಗೇ ತೆಗೆದು ನರ್ಸಿನ ಕೈಗೆ ತುರುಕಿದಳು. ನೀರು ಸುರಿದು ಅವಳ ಚಪ್ಪಲಿ ತೊಯ್ದಿತು. ತೊಯ್ಯಲಿ ಎಂದುಕೊಂಡಳು ಅಕ್ಕ. ಮೂಲೆಯಲ್ಲಿ ಕುಳಿತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದ ಅತ್ತೆ ತಲೆ ಎತ್ತದೆ, "ದೇವರಿಗೆ ಹೇಳಿದ್ದು ಬೀದಿಗೆ ಮೊದಲು ತಲುಪ್ತು ನೋಡು" ಎಂದರು.

ಆದದ್ದು ಅದೇ. ಬಟ್ಟೆ ಒಗೆಯುವ ಆ ದೊಡ್ಡ ಮೆಷಿನ್ನಿಗಾಗಿ ಬಡ್ಡಿಯವನ ಹತ್ತಿರ ಮಾಡಿದ ಸಾಲ, ಎಷ್ಟು ಕಟ್ಟಿದರೂ ಕರಗದೆ ಉಳಿದಿತ್ತು. ಶನಿವಾರ ಮೆಷಿನ್ ಎತ್ತಿಸುತ್ತೇನೆಂದು ಅವನು ಹೇಳಿ ಕಳಿಸಿದ್ದ. ಮೆಷಿನ್ ಹೋದರೆ ಅಂಗಡಿ ಹೋಯಿತು, ಅಂಗಡಿ ಹೋದರೆ ಅತ್ತೆ ಸೊಸೆ ಇಬ್ಬರ ಹೊಟ್ಟೆಗೂ ತಣ್ಣೀರು ಬಟ್ಟೆ. ಗಂಡ ತೀರಿಕೊಂಡ ಮೇಲೆ ಉಳಿದಿದ್ದು ಅದೊಂದೇ. ಯಾರಿಗೂ ಹೇಳಬೇಡಿ ಎಂದು ಕೈ ಹಿಡಿದು ಕೇಳಿಕೊಂಡು, ಪ್ರಾರ್ಥನೆ ಕೂಟ ನಡೆಸುವ ದೊಡ್ಡಮ್ಮನೊಬ್ಬರಿಗೇ ಹೇಳಿಕೊಂಡಿದ್ದಳು. ಚರ್ಚಿನ ಇಡೀ ಸಭೆಗೆ ದೊಡ್ಡಮ್ಮ ಅವರು. ಅವರು ನಿಜವಾಗಿಯೂ ಯಾರಿಗೂ ಹೇಳಲಿಲ್ಲ. ನಿನ್ನೆ ಸಂಜೆ ಕೂಟದಲ್ಲಿ ಅಕ್ಕನೂ ಸೇರಿ ಎಲ್ಲರೂ ಕಣ್ಣು ಮುಚ್ಚಿ ಕುಳಿತಿದ್ದಾಗ, ದೇವರಿಗೆ ಹೇಳಿದರು, ಅಷ್ಟೇ. ಗಟ್ಟಿ ದನಿಯಲ್ಲಿ. ಲಾಂಡ್ರಿ, ಮೆಷಿನ್, ಶನಿವಾರ, ಒಂದನ್ನೂ ಬಿಡದೆ. ದೇವರಿಗೇನು ಕಿವುಡೇ? ವಿಳಾಸ ಗೊತ್ತಿರಲಿಲ್ಲವೇ?

ಗಿರಾಕಿಗಳೆಲ್ಲ ಗಂಟು ಕಟ್ಟಿಕೊಂಡು ಹೋದ ಮೇಲೆ ಅಕ್ಕ ನೇರ ದೊಡ್ಡಮ್ಮನ ಮನೆಗೆ ನುಗ್ಗಿದಳು.

"ನನ್ನ ಮಾನ ಹರಾಜು ಹಾಕೋಕೆ ದೇವರನ್ನ ಯಾಕೆ ಮಧ್ಯೆ ತಂದ್ರಿ? ಬೀದೀಲಿ ನಿಂತು ಕೂಗಿದ್ರೆ ಆಗ್ತಿತ್ತಲ್ಲ!"

ದೊಡ್ಡಮ್ಮ ಸ್ಟೌ ಆರಿಸಿದರು. "ಕೂತ್ಕೋಮ್ಮಾ. ನಿನ್ನ ಕಷ್ಟ ನೋಡಿ ಕರುಳು ಚುರುಕ್ ಅಂತು, ಬಾಯಿಗೆ ಬಂದುಬಿಡ್ತು."

"ಬಾಯಿಗೆ ಬರುತ್ತೆ, ಬರದೇ ಏನು! ಎಷ್ಟು ಚೆನ್ನಾಗಿ ಬಂತು! ಮೊದಲೇ ಬಡ್ಡಿ ಮುರ್ಕೊಂಡು ಸಾಲ ಕೊಡ್ತಾನೆ ಸ್ವಾಮಿ, ಸಹಿ ಮಾಡಿಸಿದ ಖಾಲಿ ಚೆಕ್ಕು ಇಟ್ಕೊಂಡು ಹೆದರಿಸ್ತಾನೆ ಸ್ವಾಮಿ, ಅಂತ ನಿನ್ನೆ ನೀವು..."

ಮಾತು ಅಲ್ಲೇ ನಿಂತಿತು. ಚೆಕ್ಕಿನ ಸಂಗತಿಯನ್ನು ಅಕ್ಕ ದೊಡ್ಡಮ್ಮನಿಗೆ ಹೇಳಿರಲೇ ಇಲ್ಲ. ನಾಚಿಕೆಯಿಂದ ಅತ್ತೆಗೂ ಹೇಳಿರಲಿಲ್ಲ.

"ಚೆಕ್ಕಿನ ವಿಷಯ ನಿಮಗೆ ಯಾರು ಹೇಳಿದ್ರು?"

ದೊಡ್ಡಮ್ಮ ರವಿಕೆಯ ತೋಳು ಕೆಳಗೆಳೆದುಕೊಂಡರು. ಬಿಸಿಲು ಸುಡುವ ದಿನಗಳಲ್ಲೂ ಅವರು ಮಣಿಕಟ್ಟಿನವರೆಗೆ ತೋಳಿದ್ದ ರವಿಕೆ ತೊಡುವುದೇಕೆಂದು ಅಕ್ಕನಿಗೆ ಈಗ ಹೊಳೆಯಿತು. ಹತ್ತಿರ ಹೋಗಿ ತೋಳು ಸರಿಸಿ ನೋಡಿದಳು. ಚಿನ್ನದ ಬಳೆಗಳಿರಲಿಲ್ಲ.

"ಅಳಿಯನ ಅಂಗಡಿಗೆ ಅಂತ ನಾನೂ ಅವನ ಹತ್ರಾನೇ ಸಾಲ ತಗೊಂಡೆ, ಬಳೆ ಬಡ್ಡಿಗೆ ಹೋದ್ವು" ಎಂದರು ದೊಡ್ಡಮ್ಮ, ಕೇಳಿಸದಷ್ಟು ಮೆಲ್ಲಗೆ. "ಕೂಟ ನಡೆಸೋಳೇ ಸಾಲಗಾರ್ತಿ ಅಂದ್ರೆ ಯಾರು ನನ್ ಹತ್ರ ಬರ್ತಾರೆ?"

"ಹಾಗಾದ್ರೆ ನನ್ನ ಹೆಸರು ಮುಂದಿಟ್ಕೊಂಡು ನಿಮ್ಮ ಪ್ರಾರ್ಥನೆ ಮಾಡ್ಕೊಂಡ್ರಾ?"

ಹೊಡೆದುಬಿಡಬೇಕೆನ್ನುವಷ್ಟು ಸಿಟ್ಟು ಬಂತು. ಆ ಬರಿಗೈಯನ್ನು ಹಿಡಿದೇ ಇದ್ದುದರಿಂದ ಹೊಡೆಯಲಾಗಲಿಲ್ಲ. ಅದೇ ಕೈ ಹಿಡಿದು ದರದರನೆ ಪಾಸ್ಟರ್ ಕೋಣೆಗೆ ಎಳೆದುಕೊಂಡು ಹೋದಳು.

ಪಾಸ್ಟರ್ ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. "ಬನ್ನಿ, ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋಣ."

"ಮುಚ್ಚಿದ್ದು ಸಾಕು ಅಯ್ಯಾ! ಪ್ರತಿ ಭಾನುವಾರ ಕೊನೇಲಿ ಏನು ಹೇಳ್ತೀರಿ? ಎಲ್ಲರೂ ಕಣ್ಣು ಮುಚ್ಚಿ, ಸಾಲದ ಕಷ್ಟ ಇರೋರು ಕೈ ಎತ್ತಿ, ನಾನೊಬ್ಬನೇ ನೋಡ್ತೀನಿ ಅಂತೀರಿ. ನಾನೂ ಎತ್ತಿದ್ದೀನಿ, ನಾನೊಬ್ಬಳೇ ಪಾಪಿ ಅಂದ್ಕೊಂಡು. ಇನ್ನೆಷ್ಟು ಕೈ ನೋಡಿದ್ದೀರಿ?"

ಪಾಸ್ಟರ್ ಕನ್ನಡಕ ಒರೆಸುತ್ತ ಕುಳಿತರು. "ತುಂಬಾ" ಎಂದರು ಕೊನೆಗೆ.

"ಎಲ್ಲಾ ಆ ಬಡ್ಡಿಯವನ ಹತ್ರವೇ?"

"ಹೆಚ್ಚು ಕಡಿಮೆ. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳೋ ಹಾಗಿಲ್ವಲ್ಲಮ್ಮ. ಕಾಪಾಡಿದೆ."

"ನಮ್ಮ ಗುಟ್ಟಲ್ಲ ಅಯ್ಯಾ ನೀವು ಕಾಪಾಡಿದ್ದು. ಅವನದು!"

ಪಾಸ್ಟರ್ ಮುಖ ಕೆಂಪಾಯಿತು. ಇಂಥ ಮಾತು ಕೇಳಿ ಅಭ್ಯಾಸವಿಲ್ಲದ ಮನುಷ್ಯ. ಬೈದು ಕಳಿಸುತ್ತಾರೆಂದು ದೊಡ್ಡಮ್ಮ ಹೆದರಿ ಅಕ್ಕನ ಸೆರಗು ಜಗ್ಗಿದರು. ಪಾಸ್ಟರ್ ಬೈಯಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು, ಕೈ ಎತ್ತಿದವರ ಒಂದೊಂದೇ ಮನೆ ಹತ್ತಿ ಇಳಿದು, ಬಡ್ಡಿಯವನೆದುರು ಹೆಸರು ಹೇಳಲು ಒಪ್ಪುವಿರಾ ಎಂದು ಕೇಳಿಕೊಂಡು ಬಂದರು. ಕೆಲವರು ಒಪ್ಪಿದರು, ಕೆಲವರು ಬಾಗಿಲು ಹಾಕಿಕೊಂಡರು.

ಶನಿವಾರ ಬಡ್ಡಿಯವನು ಗಾಡಿ, ಹಗ್ಗ, ಆಳುಗಳ ಸಮೇತ ಬಂದಾಗ ಮೆಷಿನ್ನಿನ ಸುತ್ತ ಕುರ್ಚಿ ಹಾಕಿಕೊಂಡು ಜನ ಕುಳಿತಿದ್ದರು. ಪಾಸ್ಟರ್ ಇದ್ದರು, ದೊಡ್ಡಮ್ಮ ರವಿಕೆಯ ತೋಳು ಮಡಿಚಿಕೊಂಡು ಕುಳಿತಿದ್ದರು, ಬ್ಯಾಂಕಿನಿಂದ ನಿವೃತ್ತರಾದ ಗಾಯನ ತಂಡದ ತಾತ ಪೆನ್ನು ಹಿಡಿದಿದ್ದರು.

"ಸಾಲ ಕೊಡೋಕೆ ಲೈಸೆನ್ಸ್ ಇದ್ಯಾ?" ತಾತ ಕೇಳಿದರು. "ಇವರೆಲ್ಲರ ಚೆಕ್ಕುಗಳೂ ನಿಮ್ಮ ಹತ್ರ ಖಾಲಿಯಾಗೇ ಇವೆಯಂತಲ್ಲ. ಸ್ಟೇಷನ್ನಿಗೆ ಒಟ್ಟಿಗೇ ಹೋಗೋಣ್ವಾ, ಬೇರೆ ಬೇರೆ ಹೋಗೋಣ್ವಾ?"

ಬಡ್ಡಿಯವನು ಅತ್ತ ಇತ್ತ ನೋಡಿದ. ಒಬ್ಬೊಬ್ಬರನ್ನೇ ಕತ್ತಲೆಗೆ ದೂಡಿ ಹೆದರಿಸಿ ರೂಢಿಯಾದವನು, ಎಲ್ಲರನ್ನೂ ಒಟ್ಟಿಗೆ ಬೆಳಕಿನಲ್ಲಿ ಕಂಡದ್ದು ಅದೇ ಮೊದಲು. ಹಗ್ಗ ಗಾಡಿಯಲ್ಲೇ ಉಳಿಯಿತು. ಗೊಣಗಾಡಿ, ಅಕ್ಕನ ಅಸಲಿನಲ್ಲಿ ಉಳಿದಷ್ಟಕ್ಕೆ ಒಪ್ಪಿದ. ಹೊಸ ಮೈಕಿಗೆಂದು ಸಭೆ ಕೂಡಿಟ್ಟಿದ್ದ ಹಣದಿಂದ ಪಾಸ್ಟರ್ ಅದನ್ನು ಕೊಟ್ಟರು. ಅಕ್ಕ ಅದನ್ನು ಬಡ್ಡಿಯಿಲ್ಲದೆ, ಆದಾಗ ಆದಷ್ಟು ಸಭೆಗೆ ತೀರಿಸಬೇಕು. ಮಿಕ್ಕವರ ಲೆಕ್ಕಕ್ಕೆ ಅವನು ಮುಂದಿನ ವಾರ ತಾತನ ಮುಂದೆ ಕೂರಬೇಕು. ಚೆಕ್ಕು ಕೈಗೆ ಬಂದೊಡನೆ ಅಕ್ಕ ಹರಿದು ಸೋಪು ನೀರಿನ ಬಕೆಟ್ಟಿಗೆ ಎಸೆದಳು. ಅವನಿಗೆ ಅಷ್ಟನ್ನೂ ಕೊಡಬಾರದಿತ್ತು ಎಂಬ ಹೊಟ್ಟೆ ಉರಿ ಮಾತ್ರ ಆರಲಿಲ್ಲ.

ಭಾನುವಾರ ಆರಾಧನೆಯ ಕೊನೆಯಲ್ಲಿ ಪಾಸ್ಟರ್, "ಎಲ್ಲರೂ ಕಣ್ಣು ಮುಚ್ಚಿ" ಎಂದು ಶುರು ಮಾಡಿ ತಡೆದರು.

"ಇವತ್ತು ಕಣ್ಣು ತೆರೆದೇ ಇರಲಿ. ಸಾಲದ ಕಷ್ಟ ಇರೋರು ಕೈ ಎತ್ತಿ."

ಮೊದಲು ದೊಡ್ಡಮ್ಮನ ಬೋಳು ಕೈ ಮೇಲೆದ್ದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಅಕ್ಕ ತಿರುಗಿ ನೋಡುತ್ತ ಹೋದಳು. ಇಷ್ಟು ವರ್ಷ ಪಕ್ಕಪಕ್ಕದಲ್ಲೇ ಕುಳಿತು, ಒಬ್ಬರಿಂದೊಬ್ಬರು ಅವಿತುಕೊಂಡು, ಅವನನ್ನು ಕೊಬ್ಬಿಸಿದೆವಲ್ಲ ಎಂದು ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬಂತು. ಕೊನೆಯ ಬೆಂಚಿನಲ್ಲಿ, ಎಲ್ಲರಿಗಿಂತ ತಡವಾಗಿ, ಒಂದು ಕೈ ಎದ್ದು ಅರ್ಧಕ್ಕೇ ನಿಂತಿತು. ಇಸ್ತ್ರಿ ಇಲ್ಲದ ಯೂನಿಫಾರ್ಮಿನ ಕೈ.

ಆರಾಧನೆ ಮುಗಿದ ಮೇಲೆ ಅಕ್ಕ ಬಾಗಿಲಲ್ಲಿ ನರ್ಸನ್ನು ಅಡ್ಡಗಟ್ಟಿದಳು. ಅವಳು ತಲೆ ತಗ್ಗಿಸಿ, "ಅಕ್ಕಾ, ಅವತ್ತು..." ಎಂದಳು.

"ಮುಚ್ಚು ಬಾಯಿ" ಎಂದಳು ಅಕ್ಕ. "ಮುದ್ದೆಯಾದ ಈ ಬಟ್ಟೇಲಿ ದೇವರ ಮುಂದೆ ಬಂದಿದ್ದೀಯಲ್ಲ, ನಾಚಿಕೆ ಇಲ್ವಾ? ನಾಳೆ ಬೆಳಿಗ್ಗೆ ಅಂಗಡಿಗೆ ತಂದುಕೊಡು. ತಾತನೂ ಅಲ್ಲೇ ಇರ್ತಾರೆ, ಎಷ್ಟು ಸಾಲ ಅಂತ ಬಾಯಿಬಿಟ್ಟು ಹೇಳು. ಗಟ್ಟಿಯಾಗಿ."