ದೊಡ್ಡ ಮೇಷ್ಟ್ರ ದವಡೆ ಹಲ್ಲು

ದಂತ ವೈದ್ಯಕೀಯ ಕಾಲೇಜಿನಲ್ಲಿ ದೊಡ್ಡ ಮೇಷ್ಟ್ರೆಂದರೆ ಸಿಂಹಸ್ವಪ್ನ. ಇಕ್ಕಳ ಹಿಡಿಯುವುದು ಒಂದಿಷ್ಟು ತಪ್ಪಿದರೂ ರೋಗಿಯ ಎದುರಿಗೇ ಮಾನ ಹರಾಜು ಹಾಕುವ ಆಸಾಮಿ. ಅಂಥವರು ಒಂದು ಬೆಳಿಗ್ಗೆ ಕೆನ್ನೆ ಒತ್ತಿಕೊಂಡು ಬಂದು, ರೋಗಿಯ ಕುರ್ಚಿಯಲ್ಲಿ ಕೂತು, “ಗುಬ್ಬಿಯನ್ನ ಕರೀರಿ,” ಎಂದರು.

ಗುಬ್ಬಿ ಕೊನೆಯ ವರ್ಷದ ಹುಡುಗಿ. ಗಿಡ್ಡ ಆಳು, ಮಣೆ ಹಾಕಿಕೊಂಡು ನಿಂತರೇನೇ ರೋಗಿಯ ಬಾಯಿ ಕಾಣುವುದು. ಹೋದ ವಾರ ಅವಳು ಹಲ್ಲು ಕೀಳುವಾಗ ಒಬ್ಬ ಅಜ್ಜ ಕಟ್ಟಡವೇ ನಡುಗುವಂತೆ ಕಿರುಚಿದ್ದರು. ಅಂದಿನಿಂದ ಅವಳು ಇಕ್ಕಳ ಮುಟ್ಟಿರಲಿಲ್ಲ. ಕಾಲೇಜು ಬಿಟ್ಟು ಬರುತ್ತೇನೆಂದು ಅಮ್ಮನಿಗೆ ಫೋನು ಮಾಡಿಯೂ ಆಗಿತ್ತು.

“ನನ್ನ ಕೈಲಾಗಲ್ಲ ಸರ್. ಬೇರೆ ಯಾರಿಗಾದ್ರೂ ಹೇಳಿ.”

“ಹಲ್ಲು ನಂದು. ಯಾರು ಕೀಳ್ಬೇಕು ಅನ್ನೋದನ್ನ ನಾನು ಹೇಳ್ತೀನಿ. ನೋವಾದ್ರೆ ಎಡಗೈ ಎತ್ತುತ್ತೀನಿ, ನೀನು ನಿಲ್ಲಿಸು. ಅಷ್ಟೇ.”

ಅದು ಅವರೇ ಕಲಿಸಿದ ನಿಯಮ. ಬಾಯಿ ತೆರೆದು ಮಲಗಿದವರಿಗೆ ಕೈಯೇ ಮಾತು.

ಉಳಿದ ಹುಡುಗರು ಸುತ್ತ ನೆರೆದರು. ಮೇಷ್ಟ್ರ ಬಾಯಿ ತೆರೆದೂ ಬೈಗುಳ ಹೊರಬೀಳದೆ ಇದ್ದದ್ದನ್ನು ಅವರು ನೋಡಿದ್ದು ಅದೇ ಮೊದಲು. ಗುಬ್ಬಿ ಇಂಜೆಕ್ಷನ್ ಕೊಟ್ಟು ಕಾದಳು. “ಮರಗಟ್ಟಿತಾ ಸರ್?” ಎಂದಳು. ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

ಇಕ್ಕಳಕ್ಕೆ ಹಿಡಿತ ಸಿಕ್ಕಿತು. ಹಲ್ಲು ಕೊಂಚ ಅಲುಗಿತು. ಎಡಗೈ ಕುರ್ಚಿಯ ಮೇಲೆ ತೆಪ್ಪಗೆ ಬಿದ್ದಿತ್ತು. ಇನ್ನೇನು ಜೋರು ಹಾಕಬೇಕು ಎನ್ನುವಾಗ ಅವಳ ಕಣ್ಣು ಮೇಷ್ಟ್ರ ಪಾದದ ಕಡೆ ಹೊರಳಿತು. ಚಪ್ಪಲಿಯಲ್ಲಿ ಕಾಲ್ಬೆರಳುಗಳೆಲ್ಲ ಒಳಕ್ಕೆ ಮುದುಡಿಕೊಂಡಿದ್ದವು. ಅವಳು ಇಕ್ಕಳ ಹೊರತೆಗೆದಳು.

“ಚೆನ್ನಾಗೇ ನಡೀತಿತ್ತಲ್ಲಮ್ಮ, ಯಾಕೆ ನಿಲ್ಲಿಸ್ದೆ? ನೋವೇನೂ ಇಲ್ಲ.”

“ಸುಳ್ಳು ಹೇಳ್ಬೇಡಿ ಸರ್!”

ಹುಡುಗರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಆ ಮಾತು ತನ್ನ ಬಾಯಿಂದಲೇ ಬಂತೆಂದು ನಂಬಲು ಗುಬ್ಬಿಗೂ ಒಂದು ಗಳಿಗೆ ಹಿಡಿಯಿತು. ಮೇಷ್ಟ್ರು ಸಿಕ್ಕಿಬಿದ್ದ ಹುಡುಗನ ಹಾಗೆ ಕಣ್ಣು ತಗ್ಗಿಸಿದರು.

“ಕೈ ಎತ್ತಿದ್ರೆ ನೀನು ಹೆದರ್ಕೊಂಡು ಬಿಟ್ಟೇ ಹೋಗ್ತೀಯ ಅಂತ...”

“ಹೆದರ್ತೀನಿ. ಹೆದರಿದ್ರೂ ನಿಲ್ಲಿಸ್ತೀನಲ್ಲ? ನೀವೇ ಕೈ ಎತ್ತದೆ ಇದ್ರೆ ನಾನು ಏನನ್ನ ನಂಬ್ಕೊಂಡು ಎಳೀಲಿ ಸರ್? ಆ ಅಜ್ಜನೂ ಹೀಗೇ ಸುಮ್ನೆ ತಡ್ಕೊಂಡು ತಡ್ಕೊಂಡು ಕೊನೇಗೆ ಕಿರುಚಿದ್ದು.” ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು.

ಇಡೀ ಕಾಲೇಜನ್ನು ಗದರಿಸಿಕೊಂಡು ಬಂದ ಮನುಷ್ಯನನ್ನು ಯಾರೂ ಹೀಗೆ ಗದರಿಸಿರಲಿಲ್ಲ. ಅವರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮಾತ್ರ ಅಕ್ಕರೆ, ತಡೆಯಲಾರದಷ್ಟು.

“ತಪ್ಪಾಯ್ತು ಕಣಮ್ಮ. ಪ್ರಾಣ ಹೋಗೋ ಹಾಗೆ ನೋಯ್ತಿದೆ.”

ಗುಬ್ಬಿ ಅಳುತ್ತಲೇ ನಕ್ಕುಬಿಟ್ಟಳು. ಇನ್ನೊಂದು ಇಂಜೆಕ್ಷನ್ ಕೊಟ್ಟಳು. ಈ ಸಲ ಅವರ ತಲೆಯಾಟವನ್ನು ನಂಬದೆ, ಸೂಜಿಮೊನೆಯಿಂದ ಒಸಡು ಮುಟ್ಟಿ ಮುಟ್ಟಿ ನೋಡಿ, ಆಮೇಲೆ ಇಕ್ಕಳ ಎತ್ತಿಕೊಂಡಳು. ಅದು ಹಲ್ಲಿಗೆ ತಾಗುವ ಮೊದಲೇ ಮೇಷ್ಟ್ರ ಎಡಗೈ ಮೇಲೆದ್ದಿತು.

“ನೋವಾ ಸರ್?”

“ನೋವಲ್ಲ,” ಎಂದರು ಮೇಷ್ಟ್ರು, ಅಷ್ಟೂ ಹುಡುಗರಿಗೆ ಕೇಳುವ ಹಾಗೆ. “ಭಯ.”

“ನಂಗೂ ಸರ್,” ಎಂದಳು.

ಮೇಷ್ಟ್ರು ಕೈ ಇಳಿಸಿ ತಾವಾಗಿಯೇ ಬಾಯಿ ತೆರೆದರು. ಗುಬ್ಬಿ ಹಲ್ಲು ಕಿತ್ತಳು, ಗಾಯಕ್ಕೆ ಹತ್ತಿ ಇಟ್ಟಳು, ಬಾಗಿಲ ಕಡೆ ತಿರುಗಿ ಮುಂದಿನ ರೋಗಿಯನ್ನು ತಾನೇ ಕೂಗಿ ಕರೆದಳು.