ಸೀರಿಯಲ್ ನಿಂತ ದಿನ

ಸೊಸೆ ಅಡುಗೆಮನೆಯ ಕಟ್ಟೆಯ ಕೆಳಗೆ ಮಂಡಿಯೂರಿ ತಂತಿಯ ತುದಿಯನ್ನು ಬೆಳಕಿಗೆ ಹಿಡಿದಳು. ಅದನ್ನು ಕಂಪ್ಯೂಟರಿಗೆ ಸೇರಿಸುವ ಅಡಾಪ್ಟರಿನ ಮೂತಿ ಮುರಿದು ನೇತಾಡುತ್ತಿತ್ತು. ಬಂದವರಿಗೆ ಜಾಗ ಮಾಡಲು ಯಾರೋ ಕಪಾಟು ಸರಿಸಿದ್ದರು.

"ಸೀರಿಯಲ್ ನಿಂತೋಯ್ತು," ಎಂದಳು ಗಂಡನಿಗೆ.

ಪಕ್ಕದ ಮನೆಯಾಕೆ ಕಣ್ಣೊರೆಸುವುದನ್ನು ಅಲ್ಲಿಗೇ ಬಿಟ್ಟಳು. "ಅತ್ತೆ ಹೆಣಾನ ಇನ್ನೂ ಎತ್ತಿಲ್ಲ, ನಿಂಗೆ ಸೀರಿಯಲ್ ಚಿಂತೆಯಾ?"

"ಟೀವಿದಲ್ಲ ಅಕ್ಕಾ, ಮೊಟ್ಟೆ ಕೋಣೇದು."

ಹಿತ್ತಲಿನ ಮೊಟ್ಟೆ ಕೋಣೆಯಲ್ಲಿ ಅಂಗೈಯಗಲದ ಒಂದು ಕಂಪ್ಯೂಟರ್, ಅಡುಗೆಮನೆಯಲ್ಲಿ ಅಂಥದ್ದೇ ಇನ್ನೊಂದು; ಎರಡನ್ನೂ ಜೋಡಿಸುವ ತಂತಿಯೇ ಸೀರಿಯಲ್. ಕಾವು ಎಷ್ಟಿದೆಯೆಂದು ಅದು ಇದಕ್ಕೆ ಹೇಳಬೇಕು, ಹೀಟರ್ ಹಚ್ಚು, ಆರಿಸು ಎಂದು ಇದು ಅದಕ್ಕೆ ಹೇಳಬೇಕು. ಅತ್ತೆ ಸೌಟು ತಿರುವುತ್ತಲೇ ಪರದೆಯ ಮೇಲೆ ಒಂದು ಕಣ್ಣಿಟ್ಟಿರುತ್ತಿದ್ದಳು. ಕೋಳಿಮರಿಗಳು ಇವತ್ತೋ ನಾಳೆಯೋ ಚಿಪ್ಪೊಡೆದು ಬರಬೇಕಿತ್ತು. ಕಾವು ಹೆಚ್ಚುಕಮ್ಮಿಯಾದರೆ ಒಂದೂ ಉಳಿಯುವುದಿಲ್ಲ.

"ಇಂಥದ್ದೇ ತರೋಣ ಅಂದ್ರೆ ಅಂಗಡಿಗೆ ರಜೆ," ಎಂದ ಗಂಡ. "ನೀನು ತಂದ ಈಥರ್ನೆಟ್ ತಂತೀನೇ ಹಾಕಿಬಿಡು."

ಅವಳು ಕಪಾಟಿನ ಮೇಲಿದ್ದ ಡಬ್ಬಿಯನ್ನು ನೋಡಿ ಮುಖ ತಿರುಗಿಸಿದಳು. "ಅದೊಂದನ್ನ ಮಾತ್ರ ಹೇಳ್ಬೇಡ."

*

ಅತ್ತೆ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಇಬ್ಬರನ್ನು ಒಂದು ತಂತಿಯಿಂದ ಜೋಡಿಸಿ, ತಾನು ಪಕ್ಕಕ್ಕೆ ಸರಿಯುವುದೇ ಕೆಲಸ. ತಲೆ ಬೆಳ್ಳಗಾದ ಮೇಲೆ ಹಟ ಹಿಡಿದು ಕಂಪ್ಯೂಟರ್ ಕಲಿತಾಗಲೂ ಅವಳಿಗೆ ಹಿಡಿಸಿದ್ದು ಸೀರಿಯಲ್ಲೇ. ಇದರ ಬಾಯಿ ಅದರ ಕಿವಿಗೆ, ಅದರ ಬಾಯಿ ಇದರ ಕಿವಿಗೆ. ಅಷ್ಟಾದರೆ ಸಂಸಾರ ನಡೆಯಿತು.

ಸೊಸೆಗೆ ಬಾತುಮರಿಗಳಿಗಾಗಿ ಇನ್ನೊಂದು ಕೋಣೆ ಕಟ್ಟಿಸುವ ಆಸೆ. ಅತ್ತೆಯನ್ನು ಕೇಳದೆಯೇ ಎರಡು ಈಥರ್ನೆಟ್ ಅಡಾಪ್ಟರ್, ಉದ್ದದ ತಂತಿ ಕೊಂಡುತಂದು ಡಬ್ಬಿಯಲ್ಲಿಟ್ಟಳು.

"ಈಥರ್ನೆಟ್ ಆದ್ರೆ ದೂರ ಹೋಗುತ್ತೆ ಅತ್ತೆ. ಎಷ್ಟು ಕೋಣೆ ಬೇಕಾದ್ರೂ ಸೇರಿಸ್ಬೋದು."

"ಇಬ್ರು ಮಾತಾಡೋಕೆ ಇಡೀ ಕೇರಿ ಯಾಕೆ ಬೇಕು?"

"ಮೂರನೇದು ಬಂದ್ರೆ?"

"ಇರೋ ಒಂದನ್ನ ನೆಟ್ಟಗೆ ನೋಡ್ಕೊ. ನಾನು ಸತ್ತ ಮೇಲೆ ನಿನ್ನಿಷ್ಟದ ತಂತಿ ಎಳ್ಕೋ!"

ಆಮೇಲೆ ಇಬ್ಬರೂ ಮುಖ ಊದಿಸಿಕೊಂಡು ಓಡಾಡಿದರು. ಮಾತು 'ಉಪ್ಪು ಕೊಡು', 'ಬಾಗಿಲು ಹಾಕು' ಎನ್ನುವಷ್ಟಕ್ಕೆ ಇಳಿಯಿತು. ಹಾಗಿರುವಾಗಲೇ ನಿನ್ನೆ ರಾತ್ರಿ ಮಲಗಿದ ಅತ್ತೆ ಬೆಳಿಗ್ಗೆ ಏಳಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಸಾವಿಗೆ ಬಂದವರೆಲ್ಲ ಮೊಟ್ಟೆ ಕಾಯುವವರಾಗಿದ್ದರು. ಒಬ್ಬರು ಹಿತ್ತಲಿಗೆ ಓಡಿ, ಥರ್ಮಾಮೀಟರ್ ನೋಡಿ ಬಂದು, ಅಳುವ ದನಿಯಲ್ಲೇ "ಮೂವತ್ತೇಳೂವರೆ" ಎನ್ನುವರು. ಪಕ್ಕದ ಮನೆಯಾಕೆ ಹೀಟರಿನ ಸ್ವಿಚ್ಚಿನ ಬಳಿ ಕುರ್ಚಿ ಹಾಕಿಕೊಂಡು ಕೂತೇಬಿಟ್ಟಿದ್ದಳು.

ಬಾಗಿಲಲ್ಲಿ ಶವದ ವ್ಯಾನ್ ಬಂದು ನಿಂತಿತು.

"ನೀವೆಲ್ಲ ಹೋಗಿ, ನಾನು ಇಲ್ಲೇ ಇರ್ತೀನಿ," ಎಂದಳು ಸೊಸೆ.

ಅತ್ತೆಯ ತಲೆಯ ಬಳಿ ಕೂತಿದ್ದ ಮಾವ ಎದ್ದು ಬಂದ. "ನೀನಿಲ್ದೆ ಅವಳನ್ನ ಹೇಗಮ್ಮ ಕಳಿಸೋದು? ಆ ಡಬ್ಬಿ ತೆಗಿ."

"ಬೇಡ ಮಾವ. ಸತ್ತ ಮೇಲೆ ಎಳ್ಕೋ ಅಂದಿದ್ರು. ಇವತ್ತೇ ಹಾಕಿದ್ರೆ, ಅದಕ್ಕೇ ಕಾದಿದ್ದೆ ಅನ್ನೋ ಹಾಗಾಗುತ್ತೆ. ಮೊದಲೇ ಕೋಪದಲ್ಲಿ ಹೋದ್ರು."

"ತೆಗಿ ಅಂದೆ."

ತೆಗೆದಳು. ಡಬ್ಬಿ ಖಾಲಿಯಿತ್ತು.

"ಹೋದ ವಾರ ನೀನು ತವರಿಗೆ ಹೋದಾಗ ನಿನ್ನತ್ತೆ ತಂತಿ ಎಳೆಯೋಕೆ ನನ್ನ ಕೈಲಿ ಏಣಿ ಹಿಡಿಸಿದ್ಲು," ಎಂದ ಮಾವ. "ಆ ಕಡೆ ಎಲ್ಲ ಹಾಕಿ ಆಗಿದೆ. ಈ ಪರದೆ ಮುಂದೆ ಕೂತು ಎರಡು ದಿನ ಅದೇನೋ ಕುಟ್ತಾನೂ ಇದ್ಲು. 'ಈ ತುದಿ ಮಾತ್ರ ಸೊಸೇನೇ ಚುಚ್ಲಿ, ನಾನು ಚುಚ್ಚಿದ್ರೆ ಸೋತ ಹಾಗಾಗುತ್ತೆ' ಅಂದ್ಲು. ನಾನು ಬಾಯಿ ಬಿಡೋ ಹಾಗಿರ್ಲಿಲ್ಲ."

ಸೊಸೆ ಪರದೆಯ ಹಿಂದೆ ಕೈ ಹಾಕಿದಳು. ತಂತಿಯ ಸುರುಳಿ ಸಿಕ್ಕಿತು. ಹಳೇ ಬಟ್ಟೆಯ ಪಟ್ಟಿಯಿಂದ ಒಪ್ಪವಾಗಿ ಕಟ್ಟಿಟ್ಟಿತ್ತು, ತುದಿಗೆ ಅಡಾಪ್ಟರ್ ಕೂಡ ಸಿಕ್ಕಿಸಿಯೇ ಇತ್ತು.

"ಅಯ್ಯೋ ಅತ್ತೆ," ಎಂದಳು. ನಗು, ಅಳು ಒಟ್ಟಿಗೇ ಬಂದವು. "ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

ಹೊರಗೆ ವ್ಯಾನಿನ ಡ್ರೈವರ್ ಕಾಯುತ್ತಿದ್ದ. ಅವಳು ಕಣ್ಣೊರೆಸಿಕೊಂಡು ಅಡಾಪ್ಟರನ್ನು ಚುಚ್ಚಿದಳು. ಹಸಿರು ದೀಪ ಮಿನುಗಿತು. ಸ್ವಲ್ಪ ಹೊತ್ತಿಗೆ ಪರದೆಯೂ ಹೊತ್ತಿಕೊಂಡಿತು.

ಈವರೆಗೆ ಒಂದೇ ಸಾಲಿದ್ದ ಕಡೆ ಈಗ ಎರಡಿದ್ದವು. ಮೇಲಿನದು, 'ಮೊಟ್ಟೆ ಕೋಣೆ: 37.6'. ಅದರ ಕೆಳಗೆ 'ಸೊಸೆ ಕೋಣೆ', ಮುಂದೆ, ಇನ್ನೂ ಕಟ್ಟದ ಬಾತುಮರಿ ಕೋಣೆಯ ಅಂಕಿಗಾಗಿ ಬಿಟ್ಟ ಖಾಲಿ ಜಾಗ.