ತುಳಸಾಬಾಯಿಯ ಸ್ವಂತ ಗಾಡಿ

ತಂಗಿಯ ಮನೆಗೆ ಹೋದರೆ ಸ್ವಂತ ಕಾರಿನಲ್ಲೇ ಹೋಗುವುದು ಎಂದು ತುಳಸಾಬಾಯಿಯವರು ಪಟ್ಟು ಹಿಡಿದು ಎರಡು ವರ್ಷವಾಗಿತ್ತು. ಅವರ ಮನೆಯಲ್ಲಿ ಕಾರಿರಲಿಲ್ಲ. ಮಗ ನರಸಿಂಹನಿಗೆ ಇದ್ದದ್ದು ಒಂದು ಸ್ಕೂಟರು, ಹೈದರಾಬಾದಿನ ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ಒಂದು ಮೇಜು, ಮತ್ತು ಯಾವ ಕೆಲಸವನ್ನೂ ಅವಸರದಲ್ಲಿ ಮಾಡಬಾರದೆಂಬ ನಂಬಿಕೆ.

ನಡೆದದ್ದು ದೊಡ್ಡ ಜಗಳವೇನಲ್ಲ. ತಂಗಿ ಯಮುನಾಬಾಯಿ ಊರಾಚೆಯ ಮಿಯಾಪುರದಲ್ಲಿ ಫ್ಲ್ಯಾಟು ಕೊಂಡು ಗೃಹಪ್ರವೇಶ ಮಾಡಿದ್ದರು. ಊಟ ಮುಗಿಸಿ ನಾರಾಯಣಗೂಡದ ಮನೆಗೆ ಹೊರಟ ಅಕ್ಕನನ್ನು ನೋಡಿ, ನೆಂಟರಿಷ್ಟರ ಎದುರಿಗೇ, "ಪಾಪ, ಆಟೋದಾಗ ಬಂದಾಳ, ನಮ್ಮ ಕಾರಿನ್ಯಾಗ ಬಿಟ್ಟು ಬರ್ರಿ" ಎಂದುಬಿಟ್ಟರು. ಆ ಮಾತು ತುಳಸಾಬಾಯಿಯವರ ಎದೆಗೆ ನಾಟಿತು. "ಇನ್ನ ಬಂದ್ರ ನಮ್ಮ ಗಾಡ್ಯಾಗ ಬರ್ತೀನಿ" ಎಂದು ಮನಸ್ಸಿನಲ್ಲೇ ಅಂದುಕೊಂಡು, ಆಟೋ ಹತ್ತಿ ಮನೆಗೆ ಬಂದು ಗಟ್ಟಿಯಾಗಿ ಹೇಳಿದರು. ಅಂದಿನಿಂದ ಆಸ್ಪತ್ರೆಗೆ, ಮದುವೆಗೆ, ಜನವರಿಯ ಎಕ್ಸಿಬಿಷನ್ನಿಗೆ ಆಟೋ ನಡೆಯುತ್ತಿತ್ತು. ಮಿಯಾಪುರಕ್ಕೆ ಮಾತ್ರ ನಡೆಯುತ್ತಿರಲಿಲ್ಲ. ಅಲ್ಲಿಂದ ಫೋನು ಬಂದಾಗಲೆಲ್ಲ ನರಸಿಂಹ, "ಅವ್ವಗ ಮೊಣಕಾಲು ನೋವ್ರಿ" ಎಂದು ಹೇಳಿ ಸಾಗಹಾಕುತ್ತಿದ್ದ. ತುಳಸಾಬಾಯಿಯವರ ಮೊಣಕಾಲು ನೆಟ್ಟಗಿದ್ದವು.

ಈಗ ಯಮುನಾಬಾಯಿ ಹಾಸಿಗೆ ಹಿಡಿದಿದ್ದರು. ಇನ್ನು ಮನೆಯಲ್ಲೇ ಇಟ್ಟು ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಡಾಕ್ಟರು ಹಾಗೆ ಹೇಳಿದರೆ ಏನರ್ಥ ಎಂಬುದು ಎರಡೂ ಮನೆಯವರಿಗೆ ತಿಳಿದಿತ್ತು. ತುಳಸಾಬಾಯಿ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತರು, ಹೊರಗೆ ಬಂದು ಕಣ್ಣೊರೆಸಿಕೊಂಡು, "ಗಾಡಿ ನೋಡಿದೇನು?" ಎಂದು ಕೇಳಿದರು.

ನರಸಿಂಹ ನೋಡುತ್ತಲೇ ಇದ್ದ. ಹೊಸ ಕಾರು ಅವನ ಕೈಗೆಟುಕುವ ಮಾತಲ್ಲ. ಹಳೆಯದು, ಸಣ್ಣ ಇಂಜಿನ್ನಿನದು, ಪೆಟ್ರೋಲು ಕಡಿಮೆ ಕುಡಿಯುವುದು, ಒಬ್ಬರೇ ಓಡಿಸಿದ್ದು, ನಡುದಾರಿಯಲ್ಲಿ ಕೈ ಕೊಡದ್ದು ಬೇಕಿತ್ತು. ಸಲಹೆಗೆ ಕಚೇರಿಯ ಬಸವರಾಜ ಇದ್ದರು. ಕಾರಿನ ವಿಷಯದಲ್ಲಿ ಆ ಕಚೇರಿಯಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಅವರು ಸೈಕಲ್ಲಿನಲ್ಲಿ ಬರುತ್ತಿದ್ದರು.

"ಮುಂಜಾನಿ ಹೋಗ್ರಿ. ಹೋದ ಕೂಡಲೇ ಬಾನೆಟ್ ಮ್ಯಾಲೆ ಕೈ ಇಡ್ರಿ," ಎಂದು ಬಸವರಾಜ ಹೇಳಿದ್ದರು. "ಬೆಚ್ಚಗಿತ್ತಂದ್ರ ಮಾರಾವ ನಿಮಗಿಂತ ಮೊದಲ ಚಾಲೂ ಮಾಡಿಟ್ಟಾನ ಅಂತ ತಿಳಕೋರಿ. ತಣ್ಣಗಿದ್ದ ಗಾಡಿ ಒಂದ ಏಟಿಗೆ ಚಾಲೂ ಆತಂದ್ರ ಕಣ್ಣು ಮುಚ್ಚಿ ತಗೋರಿ."

ನರಸಿಂಹ ಊರಿನ ಎಷ್ಟೋ ಬಾನೆಟ್ಟುಗಳ ಮೇಲೆ ಕೈಯಿಟ್ಟು ಬಂದ. ಒಂದು ಬೆಚ್ಚಗಿತ್ತು. ಒಂದು ತಣ್ಣಗಿತ್ತು, ಚಾಲೂ ಆಗಲೇ ಇಲ್ಲ. ಇನ್ನೊಂದು ಚಾಲೂ ಆಗಿ, ಓಣಿಯೆಲ್ಲ ಹೊಗೆ ಕವಿದು, ಎದುರುಮನೆಯವರು ಕಿಟಕಿ ಹಾಕಿಕೊಂಡರು. ಹೀಗೇ ನೋಡುತ್ತ ಕೂತರೆ ಚಿಕ್ಕಮ್ಮನ ಕಾಲ ಮುಗಿದೇ ಹೋದೀತೆಂಬ ಭಯ ಅವನನ್ನು ಕಚೇರಿಯಲ್ಲೂ ಕಾಡತೊಡಗಿತು. ಆಗ ಪೇಪರಿನಲ್ಲಿ ತಾರ್ನಾಕಾದ ಯಾರೋ ರಾವ್ ಎಂಬವರ ಜಾಹೀರಾತು ಕಾಣಿಸಿತು.

ಭಾನುವಾರ ಬೆಳಿಗ್ಗೆ ಮೂವರೂ ಹೊರಟರು. ಹೆಂಡತಿ ಸುಹಾಸಿನಿ ಬರಲೇಬೇಕಿತ್ತು, ಏಕೆಂದರೆ ಈ ಮನೆತನಕ್ಕೆ ವ್ಯಾಪಾರದ ಒಂದು ಗುಟ್ಟಿತ್ತು. ನರಸಿಂಹನ ಅಜ್ಜ ಗುಲಬರ್ಗಾದಿಂದ ನಿಜಾಮರ ನೌಕರಿಗೆ ಬಂದಾಗಿನಿಂದ ಇವರು ಅಂಗಡಿಯವರೊಡನೆ ಹಿಂದಿಯಲ್ಲೋ ತೆಲುಗಿನಲ್ಲೋ ಚೌಕಾಸಿ ಮಾಡುತ್ತ, ತಮ್ಮತಮ್ಮಲ್ಲಿ ಅಲ್ಲೇ, ಗಟ್ಟಿಯಾಗಿ, ಕನ್ನಡದಲ್ಲಿ ಸಮಾಲೋಚನೆ ನಡೆಸುತ್ತಿದ್ದರು. ಸುಲ್ತಾನ್ ಬಜಾರಿನಲ್ಲಿ ಸುಹಾಸಿನಿ ಮುಖ ಹುಳ್ಳಗೆ ಮಾಡಿಕೊಂಡು, "ಸೀರಿ ಭಾಳ ಚಂದ ಐತ್ರಿ, ಬಿಡಬ್ಯಾಡ್ರಿ" ಎನ್ನುವಳು. ಅಂಗಡಿಯವನು ಆ ಮುಖ ನೋಡಿ ದರ ಇಳಿಸುವನು. ಹೈದರಾಬಾದಿನಲ್ಲಿ ಕನ್ನಡದವರು ಓಣಿಗೊಬ್ಬರಿದ್ದಾರೆಂಬುದು ಇವರಿಗೆ ಗೊತ್ತಿರಲಿಲ್ಲವೆಂದಲ್ಲ. ಅವರೆಲ್ಲ ನಮಗೆ ಪರಿಚಯದವರೇ, ಪರಿಚಯವಿಲ್ಲದವರಿಗೆ ಕನ್ನಡ ಬಾರದು ಎಂಬುದು ಇವರ ಲೆಕ್ಕಾಚಾರ.

ರಾವ್ ಅವರು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಬ್ಬರೇ ಇದ್ದರು. ಗೇಟು ತೆರೆದು ತೆಲುಗಿನಲ್ಲಿ ಬನ್ನಿ ಬನ್ನಿ ಎಂದರು.

"ಮೀಸಿ ನೋಡ ಸುಹಾಸಿನಿ, ಬೂಟ್ ಪಾಲಿಶ್ ಹಚ್ಚಿಕೊಂಡಂಗ ಐತಿ," ಎಂದರು ತುಳಸಾಬಾಯಿ, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತ.

ರಾವ್ ನಮಸ್ಕಾರಕ್ಕೆ ನಮಸ್ಕಾರ ಮಾಡಿದರು. ಮೀಸೆಯ ಕಡೆಗೆ ಹೊರಟಿದ್ದ ಅವರ ಕೈ ನಡುವೆಯೇ ನಿಂತು ಕಿಸೆಗೆ ಹೋಯಿತು.

ಕಾರು ಬಿಳಿಯದು, ಪುಟ್ಟದು, ಒರೆಸಿ ಒರೆಸಿ ಬಣ್ಣ ತೆಳುವಾದದ್ದು. ನರಸಿಂಹ ಹೋದವನೇ ಬಾನೆಟ್ಟಿನ ಮೇಲೆ ಕೈಯಿಟ್ಟ. ತಣ್ಣಗಿತ್ತು. ಕೀಲಿ ತಿರುಗಿಸಿದ. ಒಂದೇ ಏಟಿಗೆ ಚಾಲೂ ಆಯಿತು. ಹೊಗೆಯಿಲ್ಲ, ಗಡಗಡವಿಲ್ಲ. ಅವನಿಗೆ ಎದೆ ತುಂಬಿ ಬಂತು. "ಇಂಜಿನ್ ಬಂಗಾರಂ ಅಂಡಿ," ಎಂದರು ರಾವ್.

"ಚಲೋ ಐತಿ," ಎಂದ ನರಸಿಂಹ ಹೆಂಡತಿಯ ಕಡೆ ತಿರುಗಿ, ಸಾವಿನ ಸುದ್ದಿ ಕೇಳಿದವನ ಮುಖ ಮಾಡಿಕೊಂಡು. "ತಗೊಂಡ ಬಿಡೂಣು ಅನಸ್ತೈತಿ."

ಸುಹಾಸಿನಿ ಹಿಂದೆ ಹೋಗಿ ಡಿಕ್ಕಿ ತೆಗೆಸಿದಳು. "ನೋಡ್ರಿ ಇಲ್ಲೆ. ಡಿಕ್ಕ್ಯಾಗ ಎರಡು ನೀರಿನ ಕ್ಯಾನ್ ಯಾಕ ಇಟ್ಟಾರ? ಈ ಮನಿಶ್ಯಾ ಏನೋ ಮುಚ್ಚಿಡಾಕತ್ತಾನ. ಕೇಳ್ರಿ."

ನರಸಿಂಹ ತೆಲುಗಿನಲ್ಲಿ ಕೇಳಿದ. ಕುಡಿಯುವುದಕ್ಕೆ, ಬೇಸಿಗೆ ನೋಡಿ, ಎಂದರು ರಾವ್. ಅವರ ಕಿವಿ ಕೆಂಪಾಗಿದ್ದವು.

ಅಷ್ಟರಲ್ಲಿ ತುಳಸಾಬಾಯಿ ಹಿಂದಿನ ಸೀಟಿನಲ್ಲಿ ಹತ್ತಿ ಕೂತಿದ್ದರು. ಸೀಟು ಸವರಿದರು, ಕಿಟಕಿಯ ಗಾಜು ಇಳಿಸಿ ಏರಿಸಿದರು.

"ನರಸಿಂಹ, ಇವತ್ತ ತಗೊಂಡ್ರ ಇವತ್ತ ಹೋಗಬಹುದೇನು?"

"ಇವತ್ತ ಹೆಂಗ ಆಗ್ತೈತಿ ಅವ್ವಾ? ಮೆಕಾನಿಕ್‌ಗ ತೋರಿಸಬೇಕು, ರೊಕ್ಕ ತರಬೇಕು, ಹೆಸರಿಗೆ ಮಾಡಿಸಬೇಕು."

"ಅಷ್ಟರ ತನಕ ಯಮುನಾ ಇರಬೇಕಲ್ಲೋ. ನಿನ್ನಿ ಆಕಿ ಮಗ ಫೋನ್ ಮಾಡಿದ್ದ. ಅಕ್ಕ ಬಂದ್ಲೇನು ಅಂತ ಬಾಗಿಲ ಕಡೆ ನೋಡಾಕತ್ತಾಳಂತ."

"ಅದಕ್ಕ ಹೇಳಾಕತ್ತೀನಿ, ಆಟೋದಾಗ ಹೋಗೂಣು ನಡೀ. ಈಗಿಂದೀಗ ಹೋಗೂಣು."

"ಆಟೋದಾಗ ಬರೂದಿಲ್ಲ." ಅವರ ದನಿ ಒಡೆಯಿತು. "ಮಾತು ಆಡೀನಿ. ಏನ ಮಾಡ್ಲಿ? ಬಾಯಿಂದ ಹೋಗಿಬಿಟ್ಟೈತಿ."

ರಾವ್ ಗೇಟಿನ ಬಳಿ ನಿಂತು ಬೀದಿಯ ಕಡೆ ನೋಡುತ್ತಿದ್ದರು. ಆಮೇಲೆ ಬಂದು ಕಾರಿನ ಬಾಗಿಲಿಗೆ ಬಗ್ಗಿ, ಹಳೇ ಮೈಸೂರಿನ ಅಚ್ಚ ಕನ್ನಡದಲ್ಲಿ ಹೇಳಿದರು: "ಅಮ್ಮಾ, ನನಗೆ ಕನ್ನಡ ಬರುತ್ತೆ."

ಭೂಮಿ ಬಾಯಿಬಿಟ್ಟಿದ್ದರೆ ನರಸಿಂಹ ಇಳಿದು ಹೋಗುತ್ತಿದ್ದ. ಅಜ್ಜನ ಕಾಲದ ಗುಟ್ಟು ತಾರ್ನಾಕಾದ ಒಂದು ಅಂಗಳದಲ್ಲಿ ಮುಗಿಯಿತು. ಸುಹಾಸಿನಿ ಡಿಕ್ಕಿ ಮುಚ್ಚಿದಳು, ಯಾಕೆಂದರೆ ಏನಾದರೊಂದು ಮಾಡಬೇಕಿತ್ತು.

"ಸುಬ್ಬರಾಯ ಅಂತ ನನ್ನ ಹೆಸರು. ಅರಸೀಕೆರೆ ಕಡೆಯವನು," ಎಂದರು ಅವರು. "ಮೊದಲೇ ಹೇಳಬೇಕಿತ್ತು. ಆದರೆ ನೀವು ಬಂದವರೇ ಮೀಸೆ ವಿಷಯ ತೆಗೆದುಬಿಟ್ಟಿರಿ. ಆಮೇಲೆ ಹೇಳೋದು ಹೇಗೆ?"

"ತಪ್ಪಾತ್ರಿ," ಎಂದರು ತುಳಸಾಬಾಯಿ, ಸೀಟು ಬಿಡದೆ. "ಮೀಸಿ ಚಂದ ಐತಿ."

"ನಿಮ್ಮ ಸೊಸೆ ಹೇಳಿದ್ದು ಸರಿಯಾಗೇ ಇದೆ. ಮುಚ್ಚಿಟ್ಟಿದ್ದೆ. ಈ ಗಾಡಿ ಮಾರ್ಕೆಟ್ಟಿಗೆ ಹೋಗಿ ಬರೋಕೆ ಏನೂ ತೊಂದರೆ ಇಲ್ಲ. ದೂರ ಹೋದರೆ ಕುದಿಯುತ್ತೆ. ನೀರು ಹಾಕಬೇಕು, ಕಾಯಬೇಕು. ಯಾರಾದರೂ ತೊಗೊಂಡು ಹೋಗಲಿ ಅಂತ ಬಾಯಿ ಮುಚ್ಚಿಕೊಂಡಿದ್ದೆ. ನಿಮಗೆ ಕೊಡಲ್ಲ. ಇಷ್ಟು ಕೇಳಿಸಿಕೊಂಡ ಮೇಲೆ ಆಗಲ್ಲ."

ನರಸಿಂಹ ಮನಸ್ಸಿನಲ್ಲಿ ಬಸವರಾಜರನ್ನು ಬೈದುಕೊಂಡ. "ಇಳಿ ಅವ್ವಾ. ಬ್ಯಾರೆ ನೋಡೂಣು."

ತುಳಸಾಬಾಯಿ ಇಳಿಯಲಿಲ್ಲ. "ಮಿಯಾಪುರ ತನಕ ಹೋಗ್ತೈತೇನ್ರಿ?"

"ನಿಲ್ಲಿಸಿ ನಿಲ್ಲಿಸಿ ಹೋದರೆ ಹೋಗುತ್ತೆ."

"ವಾಪಸ್ ಬರ್ತೈತಿ?"

"ಅದನ್ನ ಹೇಳೋಕಾಗಲ್ಲಮ್ಮ."

"ಬರೂದು ಆಮ್ಯಾಲೆ ನೋಡೂಣು." ಅವರು ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿಯ ನಾಣ್ಯ ತೆಗೆದು ಕಿಟಕಿಯಿಂದ ಚಾಚಿದರು. "ತಗೋರಿ, ಬಯಾನಾ. ಮುಂಗಡ ಕೊಟ್ಟೀನಿ. ಈಗ ಇದು ನಮ್ಮ ಗಾಡಿ. ನಡೀರಿ."

ನರಸಿಂಹ ತಿಂಗಳುಗಟ್ಟಲೆ ವಿಚಾರ ಮಾಡಿದ ವ್ಯಾಪಾರ ಅವನನ್ನು ಕೇಳದೆಯೇ ಮುಗಿದಿತ್ತು. ಸುಬ್ಬರಾಯರು ನಾಣ್ಯವನ್ನೂ ಅವನನ್ನೂ ನೋಡಿದರು. ನಾಣ್ಯ ಅಂಗಿಯ ಕಿಸೆಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಂದು ಸ್ಟಿಯರಿಂಗ್ ಹಿಡಿದರು.

ಬೇಗಂಪೇಟೆಯವರೆಗೆ ಕಾರು ಹೂವಿನಂತೆ ಹೋಯಿತು. ಅಮೀರ್‌ಪೇಟೆಯಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಎರ್ರಗಡ್ಡದಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಕಾರು ಬದಿಗೆ ನಿಂತಿತು, ಎಲ್ಲರೂ ಕಾದರು, ನೀರು ಕುಡಿಸಿದರು. ಕೂಕಟ್‌ಪಲ್ಲಿಯಲ್ಲಿ ಮತ್ತೆ ಅದೇ. ಪಕ್ಕದಲ್ಲಿ ಆಟೋಗಳು ಒಂದರ ಹಿಂದೊಂದು ಮಿಯಾಪುರದ ಕಡೆ ಓಡುತ್ತಿದ್ದವು. ತುಳಸಾಬಾಯಿ ಅವುಗಳ ಕಡೆ ನೋಡಲಿಲ್ಲ. ಬಿಸಿಲಿನಲ್ಲಿ ಕೂತು, "ನಮ್ಮ ಗಾಡಿ ಸ್ವಲ್ಪ ದಮ್ ತಗೊಳ್ಳಾಕತ್ತೈತಿ" ಎಂದು ಕೇಳದವರಿಗೂ ಹೇಳಿದರು.

ಅಂತೂ ಮಿಯಾಪುರ ಮುಟ್ಟಿದಾಗ ಯಮುನಾಬಾಯಿ ಹಾಸಿಗೆಯಲ್ಲಿ ಇದ್ದೂ ಇಲ್ಲದಂತೆ ಮಲಗಿದ್ದರು. ನರಸಿಂಹನಿಗೆ ನೋಡಲಾಗಲಿಲ್ಲ, ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ. ಅಕ್ಕನನ್ನು ಕಂಡು ಯಮುನಾಬಾಯಿಯ ಕಣ್ಣು ಅರಳಿದವು. ಕೈ ಚಾಚಿದರು. ತುಳಸಾಬಾಯಿ ಮಂಚದ ಅಂಚಿನಲ್ಲಿ ಕೂತು ಕೈ ಹಿಡಿದುಕೊಂಡರು.

"ಹೆಂಗ ಬಂದಿ ಅಕ್ಕಾ?"

ಎರಡು ವರ್ಷ ಕಾದ ಪ್ರಶ್ನೆ. ತುಳಸಾಬಾಯಿ ಬೆನ್ನು ನೆಟ್ಟಗೆ ಮಾಡಿದರು. "ನಮ್ಮ ಗಾಡ್ಯಾಗ ಬಂದೆ. ನೀ ಅಂದಿದ್ದಿಯಲ್ಲ, ಪಾಪ ಆಟೋದಾಗ ಬಂದಾಳ ಅಂತ."

"ನಾ ಅಂದಿದ್ದೆ? ಯಾವಾಗ?"

"ಗೃಹಪ್ರವೇಶದಾಗ. ಎಲ್ಲಾರ ಮುಂದ."

ಯಮುನಾಬಾಯಿ ನೆನಪು ಮಾಡಿಕೊಳ್ಳಲು ನೋಡಿದರು. ಹಣೆ ಸುಕ್ಕಾಯಿತು. "ನೆನಪಿಲ್ಲಕ್ಕಾ," ಎಂದರು ಕಡೆಗೆ. "ಮೊಣಕಾಲು ನೋವಂತ ನೀ ಬರವಲ್ಲಿ ಅಂತ ಹೇಳ್ತಿದ್ರು. ದಿನಾ ದೀಪ ಹಚ್ಚಿದಾಗ ನಿನ್ನ ಮೊಣಕಾಲಿಗೆ ಬೇಡ್ಕೋತಿದ್ದೆ. ಈಗ ಹೆಂಗ ಅದಾವು?"

ತುಳಸಾಬಾಯಿಯವರ ಮುಖದ ಬಿಗುವೆಲ್ಲ ಕಳಚಿ ಬಿತ್ತು. "ಕಡಿಮಿ ಆಗೈತಿ," ಎಂದರು. "ನೀ ಬೇಡ್ಕೊಂಡಿದ್ದಕ್ಕ ಕಡಿಮಿ ಆಗೈತಿ." ಆಮೇಲೆ ತಂಗಿಯ ಕಾಲು ಒತ್ತುತ್ತ ಸಂಜೆಯವರೆಗೆ ಕೂತರು. ಕಾರಿನ ಮಾತು ಎತ್ತಲಿಲ್ಲ.

ಹಿಂದಿರುಗುವಾಗ ಕಾರು ಮೂಸಾಪೇಟೆಯಲ್ಲಿ ನಿಂತಿತು. ಎರಡೂ ಕ್ಯಾನು ಖಾಲಿಯಾದವು, ಅದು ಅಲುಗಲಿಲ್ಲ. ಮೆಕಾನಿಕ್ಕನ್ನು ಹುಡುಕಲು ಸುಹಾಸಿನಿ ಮುಂದಿನ ತಿರುವಿನವರೆಗೆ ಹೋಗಿ ಬಂದಳು, ಭಾನುವಾರವೆಂದು ಎಲ್ಲ ಮುಚ್ಚಿತ್ತು. ಸುಬ್ಬರಾಯರು ಕಿಸೆಯಿಂದ ನಾಣ್ಯ ತೆಗೆದರು.

"ತೊಗೊಳ್ಳಿ ಅಮ್ಮ. ನಿಮ್ಮ ಬಯಾನಾ."

ತುಳಸಾಬಾಯಿ ನಾಣ್ಯವನ್ನು ಸೆರಗಿಗೆ ಮತ್ತೆ ಗಂಟು ಹಾಕಿಕೊಂಡರು. ರಸ್ತೆಯ ಕಡೆ ನೋಡಿದರು. "ನರಸಿಂಹ, ಆಟೋ ಕರಿ."

ನರಸಿಂಹ ಕೇಳಿಸಿಕೊಂಡೂ ನಿಂತೇ ಇದ್ದ. ಅವರೇ ಕೈ ಬೀಸಿ ಆಟೋ ನಿಲ್ಲಿಸಿ, ಮೊದಲು ಹತ್ತಿ, ಮೂಲೆಗೆ ಸರಿದು ಸೊಸೆಗೂ ಮಗನಿಗೂ ಜಾಗ ಮಾಡಿದರು. ಕಾರಿನ ಬಳಿ ನಿಂತ ಸುಬ್ಬರಾಯರಿಗೆ ಕೈ ಮುಗಿದರು.

"ನಾಳಿಗೂ ಬರೂಣು," ಎಂದರು ಆಟೋ ಹೊರಟ ಮೇಲೆ. "ಆಟೋದಾಗ ಬರೂಣು. ದಿನಾ ಬರ್ತೀನಿ ನಾ. ಆಕಿ ಭಾಳ ಸೊರಗ್ಯಾಳ."

"ಮತ್ತ ಗಾಡಿ?" ಎಂದು ನರಸಿಂಹ ಕೇಳಿದ.

"ಗಾಡಿ ನಿಧಾನ ನೋಡು," ಎಂದರು ತುಳಸಾಬಾಯಿ. "ಈಗ ಅವಸರ ಇಲ್ಲ."